ಕಲ್ಲೂರ ಸಾಹೇಬರನ್ನು ಕೆಡವಿದ್ದು ಸಿಟ್ಟಲ್ಲ

ಕಲ್ಲೂರ ಸಾಹೇಬರ ಮಾತು ಬಂದಾಗಲೆಲ್ಲ ನಮ್ಮ ಹಳೆಯ ಸಹೋದ್ಯೋಗಿಗಳು ಒಂದೇ ತೀರ್ಪು ಕೊಡುತ್ತಾರೆ: ‘ಮನಷ್ಯಾ ಬಂಗಾರ, ಸಿಟ್ಟೊಂದ ಹಾಳ ಮಾಡ್ತು ನೋಡ್ರಿ.’ ಚಹಾದಂಗಡಿಯಲ್ಲೂ ಇದೇ ಮಾತು, ಮದುವೆ ಊಟದ ಪಂಕ್ತಿಯಲ್ಲೂ ಇದೇ ಮಾತು. ಇಷ್ಟು ಜನ ಇಷ್ಟು ಸಲೀಸಾಗಿ ಒಪ್ಪಿಕೊಂಡ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಲ್ಲುತ್ತಿದ್ದಾಗ ಅಂಟಿದ ಚಟ ಅದು. ಸಭೆ ಪೂರ್ತಿ ತಲೆಯಾಡಿಸುತ್ತಿದೆ ಎಂದರೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಿಲ್ಲ ಎಂದೇ ನನ್ನ ಲೆಕ್ಕ. ಸಾಹೇಬರ ಸಿಟ್ಟನ್ನು ಹತ್ತಿರದಿಂದ ಕಂಡವಳು ನಾನು. ಆ ಸಿಟ್ಟು ಒಂದು ವಾಲ್ವನ್ನೂ ತಿರುಗಿಸಲಿಲ್ಲ, ಯಾರ ಮನೆಯ ನೀರನ್ನೂ ಕಸಿಯಲಿಲ್ಲ. ಅವರನ್ನು ಕೆಡವಿದ್ದು ಬೇರೆ. ಊರು ಅದನ್ನು ದೋಷ ಎಂದು ಕರೆಯುವುದೇ ಇಲ್ಲ, ದೊಡ್ಡ ಗುಣ ಎಂದು ಹೊಗಳುತ್ತದೆ.

ನಾನು ಹುಬ್ಬಳ್ಳಿಯಲ್ಲಿ ನೀರು ಸರಬರಾಜಿನ ಒಂದು ಶಾಖೆಯಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡಿದವಳು. ಶಾಖೆಯ ಮುಖ್ಯಾಧಿಕಾರಿ ಕಲ್ಲೂರ ಸಾಹೇಬರು, ದೂರು ಕೇಳುವ ಮೇಜು ನನ್ನದು. ನೀರಿನ ವ್ಯವಸ್ಥೆ ಖಾಸಗಿ ಕಂಪನಿಯ ಕೈಗೆ ಹೋದಾಗ ನಮ್ಮಂಥವರನ್ನೆಲ್ಲ ಮನೆಗೆ ಕಳಿಸಿದರು. ಮೂವತ್ತಾರಕ್ಕೇ ನಿವೃತ್ತಳಾದೆ ಎಂದರೆ ಜನ ನಗುತ್ತಾರೆ. ‘ನಿವೃತ್ತಿ ಅಲ್ಲವಾ ಸುಜಾತಾ, ಕೆಲಸಾ ಹೋತು ಅನ್ನು’ ಎಂದು ಮುಗದ ಎಂಬ ಹಳ್ಳಿಯ ಸಾಲಿಯಲ್ಲಿ ಮಾಸ್ತರಾಗಿದ್ದು ನಿವೃತ್ತರಾದ ನಮ್ಮಪ್ಪ ತಿದ್ದುತ್ತಾರೆ. ನಾನು ಬಿಡುವುದಿಲ್ಲ. ‘ಅಪ್ಪಾ, ನೀವು ಪೆನ್ಶನ್ ತಗೊಂಡು ಸಾಲಿ ನೆನಸತೀರಿ, ನಾ ಪೆನ್ಶನ್ ಇಲ್ಲದ ನೀರ ನೆನಸತೇನಿ. ಫರಕ ಪೆನ್ಶನ್ನಿಂದು, ನಿವೃತ್ತಿದಲ್ಲ.’ ಅವರು ಕನ್ನಡಕ ತೆಗೆದು ಒರೆಸುತ್ತಾರೆ. ನಮ್ಮ ಮನೆಯಲ್ಲಿ ವಾದ ಮುಗಿಯಿತು ಎನ್ನಲು ಅದೇ ಗುರುತು.

ಈಗ ಇದನ್ನೆಲ್ಲ ಬರೆಯಲು ಕಾರಣ ಎರಡು. ಕಂಪನಿಗೆ ಹೊಸದಾಗಿ ಸೇರಿದ ಕೆಲವು ಹುಡುಗ ಹುಡುಗಿಯರು, ‘ಅಕ್ಕಾ, ನಿಮ್ಮ ಕಾಲದಾಗ ಹೆಂಗ ಇತ್ತು, ಬರದ ಕೊಡ್ರಿ’ ಎಂದರು. ಅದಾದ ಮೇಲೆ ಸ್ವತಃ ಕಲ್ಲೂರ ಸಾಹೇಬರ ಫೋನು ಬಂತು. ನಿವೃತ್ತರಾದ ಅವರನ್ನು ಕಂಪನಿ ಸಲಹೆಗಾರರನ್ನಾಗಿ ಕರೆದಿದೆಯಂತೆ, ಬೆಂಗೇರಿ ಕಡೆಯ ಭಾಗ ನೋಡಿಕೊಳ್ಳಬೇಕಂತೆ. ‘ತಂಗಿ, ನೀ ಬಂದ್ರ ನಾ ಹೂಂ ಅಂತೇನಿ. ನೀ ಇಲ್ಲಂದ್ರ ನನಗ್ಯಾಕ ಬೇಕವಾ ಆ ಉಸಾಬರಿ?’ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಹೋಗುವ ಆಸೆ ಎಷ್ಟಿದೆ ಎಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೋಗಬೇಕೋ ಬೇಡವೋ ಎಂಬುದು ಇದನ್ನು ಬರೆಯುವಾಗಲೂ ನನಗೆ ಬಗೆಹರಿದಿಲ್ಲ. ಸಾಹೇಬರದೂ ಸೇರಿ ಹೆಸರುಗಳನ್ನು ಬದಲಿಸಿದ್ದೇನೆ. ತಿಳಿಯಬೇಕಾದವರಿಗೆ ತಿಳಿಯುತ್ತದೆ.

ಹೊಸಬರಿಗೆ ಮೊದಲು ಕೆಲಸ ಏನಿತ್ತು ಅನ್ನುವುದು ಗೊತ್ತಾಗಬೇಕು. ಆಗ ನೀರು ಪಾಳಿಯ ಮೇಲೆ ಬರುತ್ತಿತ್ತು. ಒಂದು ಓಣಿಗೆ ಬಂದರೆ ಮತ್ತೆ ಆ ಓಣಿಯ ಪಾಳಿ ಬರುವುದು ವಾರ ಕಳೆದ ಮೇಲೆ. ಪಾಳಿಯ ದಿನ ಮನೆಯವರು ಊರಿಗೆ ಹೋಗುತ್ತಿರಲಿಲ್ಲ, ಮದುವೆಯಿದ್ದರೂ ಮನೆಯಲ್ಲಿ ಒಬ್ಬರನ್ನು ಬಿಟ್ಟು ಹೋಗುತ್ತಿದ್ದರು. ನೀರಿನ ಟಾಕಿಯ ಕೆಳಗಿನ ಗುಂಡಿಗೆ ವಾಲ್ವ್‌ಮನ್ ಉದ್ದನೆಯ ಕಬ್ಬಿಣದ ಚಾವಿ ಇಳಿಸಿ, ಎದೆ ಒತ್ತಿ ತಿರುಗಿಸಿದರೆ ಅಷ್ಟು ದೂರದ ಓಣಿಯ ನಳದಲ್ಲಿ ಮೊದಲು ಗಾಳಿ ಬರುತ್ತಿತ್ತು. ಬುಸ್ ಎಂದು ಒಂದು ಸದ್ದು, ನಡುವೆ ಕೆಮ್ಮಿದಂತೆ ಒಂದು ತಡೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಯಾರೋ ಒಬ್ಬರು ‘ನಳಾ ಬಂದಾವ್ರೀ!’ ಎಂದು ಕೂಗುವರು. ಓಣಿ ಪೂರ್ತಿ ಕೊಡಗಳ ಸದ್ದು. ಈಗ ಧಾರವಾಡದ ನಮ್ಮ ಮನೆಯ ನಳದಲ್ಲಿ ಯಾವಾಗ ತಿರುಗಿಸಿದರೂ ನೀರಿದೆ. ಒಳ್ಳೆಯದೇ. ಆದರೂ ಒಮ್ಮೊಮ್ಮೆ ತಿರುವಿ ನಿಂತು ಆ ಗಾಳಿಯ ಸದ್ದಿಗೆ ಕಾಯುತ್ತೇನೆ. ಅದು ಬರುವುದಿಲ್ಲ, ನೇರ ನೀರೇ ಬಂದುಬಿಡುತ್ತದೆ.

ದೂರಿನ ಮೇಜಿನಲ್ಲಿ ನನಗೆ ಗುರು ಶಾರದಕ್ಕ. ಅವರ ವಯಸ್ಸನ್ನು ಕೇಳುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಫೋನ್ ಎತ್ತಿದರೆ ಅವರದೇ ರಾಜ್ಯ. ‘ಅಜ್ಜಾರ, ನೀರ ನಾ ಸೆರಗಿನ್ಯಾಗ ಕಟಗೊಂಡ ಕುಂತಿಲ್ಲರಿ. ನಾಳೆ ನಿಮ್ಮ ಪಾಳಿ ಐತಿ, ಬರ್ತೈತಿ. ಚಹಾ ಕುಡದ್ರೋ ಇಲ್ಲೋ?’ ಬೈಯಲು ಫೋನ್ ಮಾಡಿದವರು ಚಹಾದ ಸುದ್ದಿ ಹೇಳಿ ಇಡುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಉಣಕಲ್ ಕಡೆಯ ಒಬ್ಬ ಹಿರಿಯರ ಜೊತೆ ಫೋನಿನಲ್ಲಿ ವಾದಕ್ಕಿಳಿದೆ. ಅವರ ಪಾಳಿ ತಪ್ಪಿಲ್ಲ, ಅವರೇ ದಿನ ತಪ್ಪಿ ಎಣಿಸಿದ್ದಾರೆ ಎಂದು ಒಂದೊಂದಾಗಿ ಸಾಬೀತು ಮಾಡಿದೆ. ಅವರು ಫೋನ್ ಇಟ್ಟರು.

‘ಗೆದ್ದಿ?’ ಎಂದರು ಶಾರದಕ್ಕ.

‘ಗೆದ್ದೆ.’

‘ಛಲೋ ಆತು. ಈಗ ಆ ಗೆಲವು ಅವ್ರ ಕೊಡದಾಗ ಸುರುವು, ತುಂಬತೈತೇನ ನೋಡೋಣು.’

ಅವತ್ತಿನಿಂದ ಕಚೇರಿಯಲ್ಲಿ ನನ್ನ ಹೆಸರು ವಕೀಲಬಾಯಿ ಎಂದಾಯಿತು. ಇಟ್ಟವನು ರಾಜೇಸಾಬ ಕಾಕಾ, ನಮ್ಮ ವಾಲ್ವ್‌ಮನ್‌ಗಳಲ್ಲಿ ಎಲ್ಲರಿಗಿಂತ ಹಳಬ. ಚಾವಿ ಹೆಗಲ ಮೇಲಿಟ್ಟು ನಡೆದರೆ ಪಲ್ಲಕ್ಕಿ ಹೊತ್ತವರ ಗತ್ತು. ‘ವಕೀಲಬಾಯಿ, ಇವತ್ತ ಯಾರ ಮ್ಯಾಲ ಕೇಸ?’ ಎನ್ನುತ್ತಲೇ ಒಳಗೆ ಬರುವುದು.

ಇನ್ನು ಸಾಹೇಬರ ಸಿಟ್ಟು. ಅದನ್ನು ಮುಚ್ಚಿಡಲು ನಾನು ಕೂತಿಲ್ಲ. ಒಮ್ಮೆ ರಾಜೇಸಾಬ ಕಾಕಾ ವಾಲ್ವ್ ಗುಂಡಿಯ ಮುಚ್ಚಳ ಹಾಕದೆ ಬಂದುಬಿಟ್ಟ. ಯಾರದೋ ಸ್ಕೂಟರಿನ ಗಾಲಿ ಒಳಗಿಳಿಯಿತು. ಪುಣ್ಯಕ್ಕೆ ಸವಾರನಿಗೆ ಏನೂ ಆಗಲಿಲ್ಲ. ಸಾಹೇಬರು ಕಚೇರಿಯ ಗಾಜು ನಡುಗುವಂತೆ ಕೂಗಿದರು: ‘ನಿನಗ ಕಣ್ಣ ಅದಾವೋ, ಹುಣಚಿಬೀಜ ಇಟಗೊಂಡೀಯೋ?’

ಕಾಕಾ ತಲೆ ತಗ್ಗಿಸಿಯೇ ಹೇಳಿದ: ‘ಹುಣಚಿಬೀಜ ಆಗಿದ್ರ ಹುರದ ತಿಂದಬಿಡ್ತಿದ್ದೆ ಬಿಡ್ರಿ ಸಾಹೇಬ್ರ.’

ಸಾಹೇಬರು ಗೋಡೆಯ ಕಡೆ ತಿರುಗಿದರು. ಬೆನ್ನು ಕುಲುಕುತ್ತಿತ್ತು. ಮಧ್ಯಾಹ್ನ ಕಾಕಾನ ಮುಂದೆ ಮಂಡಕ್ಕಿ ಗಿರ್ಮಿಟ್ಟಿನ ಪೊಟ್ಟಣ ಬಂದು ಬಿತ್ತು. ಯಾರು ತರಿಸಿದ್ದು ಎಂದು ಯಾರೂ ಕೇಳಲಿಲ್ಲ.

ಎದುರುವಾದಿಯ ಮಾತನ್ನು ಅದರ ಗಟ್ಟಿ ರೂಪದಲ್ಲಿಯೇ ಎತ್ತಿಕೊಳ್ಳಬೇಕು ಎಂದು ನಮಗೆ ಚರ್ಚೆ ಕಲಿಸಿದವರು ಹೇಳಿದ್ದರು. ಇಲ್ಲಿ ಅದರ ಗಟ್ಟಿ ರೂಪ ಹೀಗೆ: ಸಿಟ್ಟಿನ ಮೇಲಧಿಕಾರಿಗೆ ಕೆಳಗಿನವರು ನಿಜ ಹೇಳಲು ಹೆದರುತ್ತಾರೆ, ನಿಜ ಸಿಗದ ನಾಯಕ ಗುಂಡಿಗೆ ಬೀಳುತ್ತಾನೆ. ಬೇರೆ ಕಚೇರಿಗಳಲ್ಲಿ ಇದು ಖರೆ ಇರಬಹುದು. ನಮ್ಮಲ್ಲಿ ಖರೆ ಅಲ್ಲ. ಶಾರದಕ್ಕ ಮುಖದ ಮೇಲೆ ಹೊಡೆದಂತೆ ಹೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಕಾಕಾ ನಗೆಚಾಟಿಕೆಯಲ್ಲಿ ಹೇಳುತ್ತಿದ್ದ. ಸಾಹೇಬರು ಕೂಗಾಡಿ ಆಮೇಲೆ ಕೇಳಿಕೊಳ್ಳುತ್ತಿದ್ದರು. ಕೇಳಿಕೊಂಡದ್ದನ್ನು, ನೀರು ಬೇಡಿ ಬಾಗಿಲಲ್ಲಿ ನಿಂತವರಿಗೆ ತಿರುಗಿ ಹೇಳುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ನೋಡಿ ‘ಇಲ್ಲ’ ಎನ್ನುವ ಶಕ್ತಿ ಆ ಮನುಷ್ಯನಿಗೆ ಇರಲೇ ಇಲ್ಲ. ದಾಕ್ಷಿಣ್ಯ. ನಮ್ಮ ಕಡೆ ‘ಬಾಳ ದಾಕ್ಷಿಣ್ಯದ ಮನಷ್ಯಾ’ ಎಂದರೆ ಹೊಗಳಿಕೆ. ನಾನು ಅದನ್ನು ಹೊಗಳಿಕೆಯಾಗಿ ಬಳಸುವುದನ್ನು ಬಿಟ್ಟು ಬಹಳ ದಿನವಾಯಿತು.

ಶುರುವಾದದ್ದು ಒಂದು ಒಳ್ಳೆಯ ರೂಢಿಯಿಂದ. ಯಾವ ಓಣಿಯಲ್ಲಿ ಸಾವಾದರೂ, ಪಾಳಿ ಇರಲಿ ಬಿಡಲಿ, ಸಾಹೇಬರು ಆ ಓಣಿಗೆ ಸ್ವಲ್ಪ ಹೊತ್ತು ನೀರು ಬಿಡಿಸುತ್ತಿದ್ದರು. ಹೆಣಕ್ಕೆ ಸ್ನಾನ ಮಾಡಿಸಬೇಕು, ಮಣ್ಣಿಗೆ ಹೋಗಿ ಬಂದವರ ತಲೆಗೆ ನೀರು ಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಬಾಯಿಮಾತಿನಲ್ಲಿ ವಾಲ್ವ್‌ಮನ್‌ಗೆ ಹೇಳಿದರಾಯಿತು. ಸತ್ತ ಮನೆಯವರು ಬಂದು ಕೈ ಮುಗಿಯುವಾಗ ನಮ್ಮೆಲ್ಲರಿಗೂ ಈ ಕೆಲಸದ ಮೇಲೆ ಅಭಿಮಾನ ಉಕ್ಕುತ್ತಿತ್ತು. ಆಮೇಲೆ ಮದುವೆ ಮನೆಯವರು ಬಂದರು. ಸತ್ತವರಿಗೆ ಕೊಟ್ಟು ಮದುಮಗಳಿಗೆ ಇಲ್ಲ ಎನ್ನುವುದು ಹೇಗೆ? ಆಮೇಲೆ ಗೃಹಪ್ರವೇಶ, ಸೀಮಂತ, ಮಠದ ಸ್ವಾಮಿಗಳ ಪಾದಪೂಜೆ. ಕೊನೆಕೊನೆಗೆ ಕಣ್ಣು ತುಂಬಿಕೊಂಡು ಬಂದವರಿಗೆಲ್ಲ ಕಾರಣ ಕೇಳದೆ ನೀರು. ಬೇರೆ ಅಧಿಕಾರಿ ‘ನೋಡೋಣು’ ಎಂದರೆ ನಮ್ಮ ಜನ ಅದನ್ನು ಇಲ್ಲ ಎಂದೇ ತಿಳಿದು ಮನೆಗೆ ಹೋಗುತ್ತಾರೆ. ಕಲ್ಲೂರ ಸಾಹೇಬರು ‘ನೋಡೋಣು’ ಎಂದರೆ ಜನ ಮನೆಗೆ ಹೋಗಿ ಹಂಡೆ ತೊಳೆದಿಡುತ್ತಿದ್ದರು.

ಟಾಕಿಯಲ್ಲಿ ಇರುವ ನೀರು ಇದ್ದಷ್ಟೇ. ಪಾಳಿ ಬಿಟ್ಟು ಕೊಟ್ಟ ನೀರು ಯಾರದೋ ಪಾಳಿಯಿಂದ ಹೋಗಲೇಬೇಕು. ಅದು ಹೋಗುತ್ತಿದ್ದದ್ದು ಬೆಂಗೇರಿ ಕಡೆಯ ಕೊನೆಯ ಒಂದು ಓಣಿಯಿಂದ. ಪೈಪಿನ ತುದಿ ಅದು, ಸ್ವಲ್ಪ ಏರು ಬೇರೆ. ಮೇಲಿನವರೆಲ್ಲ ತುಂಬಿಕೊಂಡು ಉಳಿದ ಒತ್ತಡದಲ್ಲಿ ಹರಿದದ್ದು ಅವರಿಗೆ. ಆ ಓಣಿಯವರು ಸಣ್ಣ ಕಾರ್ಖಾನೆಗಳಲ್ಲಿ, ಗ್ಯಾರೇಜುಗಳಲ್ಲಿ ದಿನಗೂಲಿಗೆ ದುಡಿಯುವವರು. ಕಚೇರಿಗೆ ಬರಬೇಕೆಂದರೆ ಆ ದಿನದ ಕೂಲಿ ಬಿಡಬೇಕು. ಹಾಗಾಗಿ ಬರುತ್ತಿರಲಿಲ್ಲ. ಬರದವರ ಮುಖ ಸಾಹೇಬರು ನೋಡಿರಲಿಲ್ಲ. ಹೊಸದಾಗಿ ಅಧಿಕಾರದ ಕುರ್ಚಿ ಹತ್ತುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಿ: ದಾಕ್ಷಿಣ್ಯಕ್ಕೆ ಎದುರಿಗಿನ ಮುಖ ಮಾತ್ರ ಕಾಣುತ್ತದೆ. ಎದುರಿಗೆ ಬಾರದವನ ಗಂಟಿನಿಂದ ಅದು ದಾನ ಮಾಡುತ್ತದೆ, ಮತ್ತು ಪುಣ್ಯ ತನಗೆ ಬಂತೆಂದು ಪ್ರಾಮಾಣಿಕವಾಗಿ ನಂಬುತ್ತದೆ.

ಸಾಹೇಬರಿಗೆ ತಮ್ಮ ದೋಷ ಗೊತ್ತಿತ್ತೇ? ಇಲ್ಲ. ಒಮ್ಮೆ ನಾಯಕತ್ವದ ತರಬೇತಿ ಎಂದು ಅಧಿಕಾರಿಗಳನ್ನೆಲ್ಲ ಒಂದು ಹೋಟೆಲಿಗೆ ಕರೆದಿದ್ದರು. ಕುರ್ಚಿ ಜೋಡಿಸಲು, ಕಾಗದ ಹಂಚಲು ನಾನು ಹೋಗಿದ್ದೆ. ತರಬೇತಿ ಕೊಡಲು ಬಂದವರು ‘ನಿಮ್ಮ ದೌರ್ಬಲ್ಯ ಒಂದನ್ನು ಬರೆಯಿರಿ’ ಎಂದರು. ಅರ್ಧ ಜನ ಅತಿಯಾದ ಪ್ರಾಮಾಣಿಕತೆ ಎಂದು ಬರೆದರು. ನಮ್ಮ ಸಾಹೇಬರು ಸಿಟ್ಟು ಎಂದು ಬರೆದರು. ಸಿಟ್ಟು ಬಂದಾಗ ಒಂದರಿಂದ ಹತ್ತು ಎಣಿಸಿ ಎಂದು ಸಲಹೆ ಸಿಕ್ಕಿತು. ಆ ವಾರವೆಲ್ಲ ಸಾಹೇಬರು ಎಣಿಸುತ್ತಿದ್ದರು, ತುಟಿ ಅಲುಗುವುದು ಕಾಣುತ್ತಿತ್ತು. ರಾಜೇಸಾಬ ಕಾಕಾ ಬಾಗಿಲಲ್ಲಿ ಇಣುಕಿ, ‘ಸಾಹೇಬ್ರು ಏಳಕ್ಕ ಬಂದಾರ, ಓಡ್ರೋ!’ ಎನ್ನುತ್ತಿದ್ದ. ತನ್ನ ದೋಷ ಹೇಳು ಎಂದಾಗ ನಾಯಕನಾದವನು ಗಂಡಸುತನದಂತೆ ಕಾಣುವ ದೋಷವನ್ನೇ ಆರಿಸಿಕೊಳ್ಳುತ್ತಾನೆ ಎಂಬ ನನ್ನ ಅನುಮಾನ ಅಲ್ಲಿ ಹುಟ್ಟಿದ್ದು.

ಸ್ವಭಾವ ತಿದ್ದುವುದರಲ್ಲಿ ನನಗೆ ನಂಬಿಕೆಯಿಲ್ಲ. ಸ್ವಭಾವದ ಮುಂದೆ ಒಂದು ಬಾಗಿಲು ಇಡಬಹುದು. ಅದೇ ವರ್ಷದ ಬೇಸಿಗೆಯಲ್ಲಿ ನಾನು ಸಾಹೇಬರ ಎದುರು ಕೂತು ವಾದ ಮಂಡಿಸಿದೆ. ‘ಸರ್, ಮುಖ ನೋಡೋರು ಬ್ಯಾರೆ ಇರಬೇಕು, ನೀರ ಕೊಡೋರು ಬ್ಯಾರೆ ಇರಬೇಕು. ನಿಮ್ಮ ಕಡೆ ಮಂದಿ ಬರೋದ ಬ್ಯಾಡ.’

ಅವರು ನಕ್ಕರು. ‘ಹಂಗಾರ ನನ್ನ ಒಳಗ ಹಾಕಿ ಕೀಲಿ ಹಾಕ್ರಿ.’

‘ಕೀಲಿ ಯಾಕ ಬೇಕ್ರಿ, ನಾ ಕುಂದರತೇನಿ’ ಎಂದು ಶಾರದಕ್ಕ ತಮ್ಮ ಮೇಜನ್ನು ಎಳೆದು ಸಾಹೇಬರ ಕೋಣೆಯ ಬಾಗಿಲಿಗೆ ಹಾಕಿಸಿದರು. ಸಾವಿನ ಮನೆಗೆ ಮಾತ್ರ ಹೌದು, ಉಳಿದದ್ದಕ್ಕೆಲ್ಲ ಇಲ್ಲ. ಆ ಇಲ್ಲವನ್ನು ಅವರು ಎಷ್ಟು ಮರ್ಯಾದೆಯಿಂದ ಹೇಳುತ್ತಿದ್ದರೆಂದರೆ ಜನ ಹರಸಿ ಹೋಗುತ್ತಿದ್ದರು. ಆದರೂ ನೀರು ಕಡಿಮೆಯಾಗುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ತಲೆ ಕೆಡಿಸಿಕೊಂಡೆವು. ನೋಡಿದರೆ ಸಾಹೇಬರು ಚಹಾಕ್ಕೆಂದು ಗೇಟಿನಾಚೆಯ ಅಂಗಡಿಗೆ ಹೋಗುತ್ತಿದ್ದರು, ಜನ ಅಲ್ಲಿ ಕಾದಿರುತ್ತಿದ್ದರು. ಕಪ್ಪಿನಿಂದ ಬಶಿಗೆ ಸುರಿದ ಚಹಾ ಆರುವುದರೊಳಗೆ ಒಂದು ಓಣಿಯ ನೀರು ಕೈ ಬಿಟ್ಟಿರುತ್ತಿತ್ತು. ಶಾರದಕ್ಕ ಮರುದಿನದಿಂದ ಚಹಾ ಒಳಗೇ ತರಿಸಿದರು. ‘ಜೇಲ್ ಆತಲ್ಲವಾ ಇದು’ ಎಂದು ಸಾಹೇಬರು ಗೊಣಗಿದರು. ‘ಜೇಲಿನ್ಯಾಗ ಇಷ್ಟ ಛಲೋ ಚಹಾ ಕೊಡೂದಿಲ್ರಿ’ ಎಂದರು ಶಾರದಕ್ಕ.

ನನ್ನ ಕೆಲಸದ ಬದುಕಿನಲ್ಲಿ ಹಿಂದಿರುಗಿ ಹೋಗಿ ಇನ್ನೊಮ್ಮೆ ಬಾಳಬೇಕೆನಿಸುವ ಕಾಲ ಯಾವುದೆಂದರೆ ಆ ಬೇಸಿಗೆಯೇ. ಒಂದು ಬೆಳಿಗ್ಗೆ ಬೆಂಗೇರಿಯ ಆ ಕೊನೆಯ ಓಣಿಯಿಂದ ಒಬ್ಬ ಹೆಂಗಸು ಬಂದಳು. ಹೆಸರು ನೀಲವ್ವ. ದೂರು ಹೇಳಲು ಬಂದಳೆಂದು ನಾನು ಪೆನ್ನು ತೆಗೆದೆ. ‘ಏನಿಲ್ರಿ. ಈ ಸಲ ಬ್ಯಾರಲ್ ತುಂಬೇತಿ, ಅದನ್ನ ಹೇಳಿ ಹೋಗಬೇಕಂತ ಬಂದೆ’ ಎಂದಳು. ಸಾಹೇಬರು ತಮ್ಮ ಜೇಲಿನಿಂದ ಎದ್ದು ಬಂದರು. ‘ಕುಂದರವಾ, ಚಹಾ ಕುಡಿ’ ಎಂದರು. ಅವಳು ಕೂಡಲಿಲ್ಲ, ಕೆಲಸಕ್ಕೆ ಹೊತ್ತಾಗುತ್ತದೆ ಎಂದು ಹೋದಳು. ಆ ದಿನವೆಲ್ಲ ಸಾಹೇಬರು ಯಾರಿಗೂ ಕೂಗಲಿಲ್ಲ, ಎಣಿಸಲೂ ಇಲ್ಲ.

ಮಳೆಗಾಲ ಹಿಡಿಯುವ ಮುಂಚೆ ಶಾರದಕ್ಕ ಮಗಳ ಬಾಣಂತನಕ್ಕೆ ರಜೆ ಹಾಕಿದರು. ಬಾಗಿಲ ಮೇಜಿಗೆ ನಾನು ಬಂದೆ. ಆಗ ಬಂದರು ನೋಡಿ ಒಬ್ಬ ಅರಳೆ ವ್ಯಾಪಾರಿ. ಹಿರಿಯರು, ಹಣೆಯ ತುಂಬ ವಿಭೂತಿ, ಮಾತು ಮೆತ್ತಗೆ. ಮೊಮ್ಮಗಳ ಮದುವೆ, ಬೀಗರು ಬಂದಿಳಿದಿದ್ದಾರೆ, ಪಾಳಿ ಇನ್ನೂ ದೂರವಿದೆ. ನಾನು ಎದ್ದು ನಿಂತು, ಕೈ ಮುಗಿದೇ ಆಗುವುದಿಲ್ಲ ಎಂದೆ. ಅದೇ ವಾರ ಪೈಪ್ ಒಡೆದು ಕೊನೆಯ ಓಣಿಯ ಪಾಳಿ ತಪ್ಪಿತ್ತು. ಮಾರನೆಯ ದಿನ ಬಿಡುತ್ತೇವೆ ಎಂದು ಸಾಹೇಬರೇ ಆ ಓಣಿಯವರಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದರು. ಹಿರಿಯರು ಕಣ್ಣೊರೆಸಿಕೊಂಡರು. ದನಿ ಕೇಳಿ ಸಾಹೇಬರು ಹೊರಗೆ ಬಂದರು.

‘ತಂಗಿ ಸಣ್ಣಾಕಿ ಅದಾಳ, ಆಕಿಗೆ ತಿಳಿಯಂಗಿಲ್ಲ. ನೀವ ನಡೀರಿ ಅಣ್ಣಾರ, ನಾ ನೋಡತೇನಿ.’

ಹಿರಿಯರು ಹೋದ ಮೇಲೆ ನಾನು ಒಳಗೆ ಹೋಗಿ ಕೇಳಿದೆ: ‘ಸರ್, ಯಾರ ಪಾಳಿದಾಗಿಂದ ಕೊಡತೀರಿ?’

‘ಎಲ್ಲಾ ಹೊಂದಸೋಣು ಬಿಡವಾ.’

‘ನೀರ ಹೊಂದೂದಿಲ್ರಿ. ನಾಳೆ ಕೊನೀ ಓಣಿಗೆ ಮಾತ ಕೊಟ್ಟೀರಿ.’

ಅವರು ಕೂಗಲಿಲ್ಲ. ಕೂಗಿದ್ದರೆ ಕೇಳುತ್ತಿದ್ದರು, ಅದು ನನಗೆ ಗೊತ್ತಿತ್ತು. ಮೆಲ್ಲಗೆ ‘ನೋಡೋಣು’ ಎಂದರು, ರಾಜೇಸಾಬ ಕಾಕಾನನ್ನು ಕರೆದು ಮದುವೆ ಮನೆಯ ಓಣಿಗೆ ವಾಲ್ವ್ ತೆಗೆಯಲು ಹೇಳಿದರು. ಆಮೇಲೆ ನನ್ನ ಮೇಜಿನ ಹತ್ತಿರ ಯಾರೂ ನಿಲ್ಲಲಿಲ್ಲ. ಸಣ್ಣವಳ ಇಲ್ಲವನ್ನು ದೊಡ್ಡವರು ಒಮ್ಮೆ ಜನರ ಎದುರಿಗೆ ಅಳಿಸಿದರೆ ಅದು ಆ ದಿನಕ್ಕಷ್ಟೇ ಅಳಿಯುವುದಿಲ್ಲ.

ಮರುದಿನ ಕೊನೆಯ ಓಣಿಯ ನಳಗಳಲ್ಲಿ ಗಾಳಿ ಬಂತು, ನೀರು ಬರಲಿಲ್ಲ. ಅದರ ಮರುದಿನ ಅವರು ಕೂಲಿ ಬಿಟ್ಟು, ಖಾಲಿ ಕೊಡ ಹಿಡಿದು ಕಚೇರಿಗೆ ಬಂದರು. ಮುಂದೆ ನೀಲವ್ವ. ಅವಳು ಜಗಳದ ದನಿಯಲ್ಲಿ ಕೇಳಲಿಲ್ಲ. ‘ಸಾಹೇಬ್ರ, ನಮ್ಮ ನೀರ ಎಲ್ಲಿ ಹೋತ್ರಿ?’

ಸಾಹೇಬರು ಅವಳ ಮುಖ ನೋಡಿದರು. ನಾನು ಪಕ್ಕದಲ್ಲಿದ್ದೆ. ಆ ಕ್ಷಣ ಅವರಿಗೆ ಸಿಟ್ಟು ಬರಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದು ನೆನಪಿದೆ. ಬರಲಿಲ್ಲ. ಬಹಳ ಮೃದುವಾಗಿ, ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: ‘ವಾಲ್ವ್ ತಗೀ ಅಂತ ನಾ ಹೇಳಿದ್ನೆವಾ. ರಾಜೇಸಾಬ ತಗದಿಲ್ಲ ಕಾಣತೈತಿ.’

ರಾಜೇಸಾಬ ಕಾಕಾ ಜನರ ಹಿಂದೆಯೇ ನಿಂತಿದ್ದ, ಹೆಗಲ ಮೇಲೆ ಚಾವಿ. ಎಲ್ಲರೂ ತಿರುಗಿ ಅವನನ್ನು ನೋಡಿದರು. ಅವನು ಸಾಹೇಬರನ್ನು ನೋಡಿದ. ‘ಸರ್, ಹಂಗಲ್ಲರಿ’ ಎಂದು ನಾನು ಬಾಯಿ ತೆರೆದೆ, ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕಾಕಾನನ್ನು ಆ ಜನ ತಮ್ಮ ಓಣಿಗೆ ಕರೆದುಕೊಂಡು ಹೋದರು. ಹೊಡೆಯಲಿಲ್ಲ. ಅಲ್ಲಿನ ವಾಲ್ವ್ ಗುಂಡಿಯ ಪಕ್ಕ ಬಿಸಿಲಲ್ಲಿ ನಿಲ್ಲಿಸಿ, ನೀರು ಬರುವ ತನಕ ಇಲ್ಲೇ ನಿಲ್ಲು ಎಂದರು. ಟಾಕಿ ಬರಿದಾಗಿತ್ತು, ಎಲ್ಲಿಂದ ಬರಬೇಕು? ಹೊತ್ತು ಇಳಿಯುವ ತನಕ ಅವನು ನಿಂತ. ಮಕ್ಕಳು ನೀರುಗಳ್ಳ ಎಂದು ಕೂಗಿದವಂತೆ. ಯಾರ ಮಾತಿನ ಮೇಲೆ ನೀರು ಎಲ್ಲಿಗೆ ಹೋಯಿತು ಎಂಬುದನ್ನು ಅವನು ಆಗಲೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ವಾಲ್ವ್‌ಮನ್‌ಗಳೆಲ್ಲ ಬಂದು ಕಚೇರಿಯ ಗೇಟಿಗೆ ಅಡ್ಡಲಾಗಿ ಚಾವಿಗಳನ್ನು ಮಲಗಿಸಿ ಹೋದರು. ನಮ್ಮ ಭಾಗ ಪೂರ್ತಿ ಒಣಗಿತು. ಮೇಲಧಿಕಾರಿಗಳು ಬಂದರು. ಚಾವಿ ಇಟ್ಟವರನ್ನೆಲ್ಲ ತೆಗೆದುಹಾಕಿ ಎಂದು ಅವರಲ್ಲೊಬ್ಬರು ಹೇಳಿದಾಗ ಕಲ್ಲೂರ ಸಾಹೇಬರು ಮೇಜು ಗುದ್ದಿ ಎದ್ದರು: ‘ತಗಿಯೂದಿದ್ರ ನನ್ನ ತಗೀರಿ! ನನ್ನ ಮಂದಿ ಮ್ಯಾಲ ಕೈ ಹಾಕಬ್ಯಾಡ್ರಿ!’ ಎಂದು ಕೂಗಿದ್ದು ರಸ್ತೆಗೆ ಕೇಳಿಸಿತು. ವಾಲ್ವ್‌ಮನ್‌ಗಳು ಉಳಿದರು. ಸಾಹೇಬರನ್ನು ದೂರದ ಊರಿಗೆ ವರ್ಗ ಮಾಡಿದರು. ಊರಿಗೆ ಕೇಳಿಸಿದ್ದು ಆ ಕೂಗು ಮಾತ್ರ. ಅದಕ್ಕೇ ಎಲ್ಲರೂ ಸಿಟ್ಟು ಹಾಳು ಮಾಡಿತು ಎನ್ನುವುದು. ನಾನು ನೋಡಿದಂತೆ ಆ ವಾರದಲ್ಲಿ ಅವರು ಮಾಡಿದ ನೇರವಾದ ಕೆಲಸ ಆ ಸಿಟ್ಟೊಂದೇ. ಕೆಟ್ಟದ್ದು ಅದಕ್ಕೂ ಮೊದಲೇ, ಮೆತ್ತಗಿನ ದನಿಯಲ್ಲಿ ಆಗಿಹೋಗಿತ್ತು.

ಹಾಗಾದರೆ ದಾಕ್ಷಿಣ್ಯವಿಲ್ಲದವರು ಬಂದರೆ ಆಯಿತೇ? ಬಂದರು. ಹೊಸ ಅಧಿಕಾರಿ ಚೊಕ್ಕ ಮನುಷ್ಯ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಕೊನೆಯ ಓಣಿಗೆ ಪಾಳಿಯ ನೀರು ತಪ್ಪದೆ ಸಿಕ್ಕಿತು, ಅದನ್ನು ಒಪ್ಪಲೇಬೇಕು. ಒಂದು ದಿನ ಸಾವಿನ ಮನೆಯವನೊಬ್ಬ ಬಂದು ನಿಂತಾಗ ಅವರು ಗೋಡೆಯ ಮೇಲಿನ ಪಾಳಿಯ ಪಟ್ಟಿ ತೋರಿಸಿದರು. ಬಂದವನು ಅದನ್ನು ಓದುವಂತೆ ನಟಿಸಿ ಹೊರಟುಬಿಟ್ಟ. ರಜೆ ಮುಗಿಸಿ ಬಂದಿದ್ದ ಶಾರದಕ್ಕ ಅವನ ಓಣಿಯಲ್ಲಿ ಪರಿಚಯವಿದ್ದ ಮನೆಗಳಿಗೆಲ್ಲ ಫೋನ್ ಹಚ್ಚಿದರು: ‘ಅಕ್ಕಾರ, ನಿಮ್ಮ ಓಣ್ಯಾಗ ಹಿಂಗಾಗೇತಿ. ಮನಿಗೊಂದ ಕೊಡಾ ನೀರ ಒಯ್ದ ಕೊಡ್ರಲಾ.’ ಕೊಟ್ಟರು. ಅದಕ್ಕೆ ವಾಲ್ವೂ ಬೇಕಾಗಲಿಲ್ಲ, ಸಾಹೇಬರೂ ಬೇಕಾಗಲಿಲ್ಲ. ಇದು ನಮಗೆ ಮೊದಲೇ ಯಾಕೆ ಹೊಳೆಯಲಿಲ್ಲ? ನೀರು ಕೊಡುವವರು ನಾವೇ ಎಂಬ ಹೆಮ್ಮೆ ಸಾಹೇಬರೊಬ್ಬರದಲ್ಲ, ಇಡೀ ಕಚೇರಿಯದಾಗಿತ್ತು.

ಈಗಿನ ಹುಡುಗರು ನನ್ನ ಕಥೆ ಕೇಳಿ, ‘ಅಕ್ಕಾ, ಈಗ ಮೋಟರ್ ವಾಲ್ವ್ ಅದಾವ. ಕಂಪ್ಯೂಟರ್ ಪರದೆ ಮ್ಯಾಲ ನೀರಿನ ಒತ್ತಡ ಕಾಣತೈತಿ. ಸಾಹೇಬ್ರ ಸ್ವಭಾವ ಹೆಂಗರ ಇರಲಿ, ಏನ ಫರಕ?’ ಎಂದರು. ಪರದೆಗೆ ದಾಕ್ಷಿಣ್ಯವಿಲ್ಲ, ಸರಿ. ಪರದೆಯ ಮುಂದೆ ಕೂತವನ ಜೇಬಿನಲ್ಲಿ ಫೋನಿದೆಯೋ ಇಲ್ಲವೋ? ಆ ಫೋನಿಗೆ ಕಣ್ಣೀರಿನ ದನಿ ಬರುತ್ತದೋ ಇಲ್ಲವೋ? ಅವರಿಗೆ ಹೇಳಲು ನನ್ನ ಹತ್ತಿರ ದೊಡ್ಡ ಸೂತ್ರವೇನೂ ಇಲ್ಲ. ನಿಮ್ಮ ಮೇಲಿನವರು ಯಾರಿಗಾದರೂ ಏನಾದರೂ ಕೊಡುತ್ತೇನೆ ಎಂದಾಗ, ಅಲ್ಲೇ, ಎಲ್ಲರ ಎದುರಿಗೆ, ‘ಯಾರ ಪಾಳಿದಾಗಿಂದ್ರಿ?’ ಎಂದು ಕೇಳಿ. ನಾನು ಕೇಳಿದ್ದು ಬಾಗಿಲು ಮುಚ್ಚಿದ ಮೇಲೆ. ನೀವು ತೆರೆದ ಬಾಗಿಲಲ್ಲಿ ಕೇಳಿ. ಬರದವರ ಹೆಸರು ಕೋಣೆಯಲ್ಲಿ ಒಮ್ಮೆ ಕೇಳಿಸಿದರೆ ಅವರೂ ಬಂದು ನಿಂತಂತೆ ಆಗುತ್ತದೆ. ಇನ್ನು ನೀವೇ ಮೇಲಿನವರಾದಾಗ, ನಿಮ್ಮ ಕೆಳಗಿನವರು ಹೇಳಿದ ಇಲ್ಲವನ್ನು ಅಳಿಸಬೇಕೆಂದರೆ ಒಳಗೆ ಕರೆದು ಅಳಿಸಿ.

ಇಷ್ಟೆಲ್ಲ ವಾದ ಮಾಡುವವಳಿಗೆ ತಿರುಗಿ ಹೋಗುವ ಆಸೆ ಯಾಕೆ ಎಂದು ನೀವು ಕೇಳಬಹುದು. ಕೆಲವರ ಹತ್ತಿರ ಕೆಲಸ ಮಾಡಿದಾಗ ನಾವು ಇರುವುದಕ್ಕಿಂತ ಸ್ವಲ್ಪ ಹೆಚ್ಚಿನವರಾಗಿ ಕಾಣುತ್ತೇವೆ. ಸಾಹೇಬರು ‘ತಂಗಿ’ ಎಂದು ಕರೆದರೆ ಬೆಂಗೇರಿಯಿಂದ ಉಣಕಲ್ ತನಕ ಎಲ್ಲ ಪೈಪುಗಳೂ ನನ್ನ ಕೈಯ ನರಗಳು ಎನಿಸುತ್ತಿತ್ತು. ಹೊಸ ಅಧಿಕಾರಿ ನನ್ನ ಹೆಸರನ್ನು ಕೊನೆಯವರೆಗೂ ಸರಿಯಾಗಿ ಕರೆದರು. ಅವರ ಹತ್ತಿರ ನಾನು ಸಂಬಳಕ್ಕೆ ಕೆಲಸ ಮಾಡಿದೆ.

ಸಾಹೇಬರ ಫೋನು ಬಂದ ಮೇಲೆ ಮನಸ್ಸು ತಡೆಯದೆ ಬೆಂಗೇರಿಗೆ ಹೋಗಿ ರಾಜೇಸಾಬ ಕಾಕಾನನ್ನು ಕಂಡೆ. ಆ ಗ್ರಹಚಾರದ ವಾರ ಕಳೆದ ಮೇಲೆ ಅವನು ತಾನಾಗಿ ಕೆಲಸ ಬಿಟ್ಟಿದ್ದ. ಈಗ ಮನೆಮನೆಯ ನಳ ರಿಪೇರಿ ಮಾಡುತ್ತಾನೆ. ಹಿಂದಲೆಯಲ್ಲಿ ಒಂದಿಷ್ಟು ಕೂದಲು ಉಳಿದಿದೆ. ‘ಬಾ ವಕೀಲಬಾಯಿ, ಕೋರ್ಟ ಬಂದ್ ಆತಂತಲ್ಲ’ ಎಂದು ನಕ್ಕ.

ಸುದ್ದಿ ಹೇಳಿದೆ. ಅವನ ಮುಖ ಹಿಗ್ಗಿತು. ‘ಸಾಹೇಬ್ರು ಬರ್ತಾರಾ? ನನ್ನ ಕರದಾರೇನು?’

‘ಕರದ್ರ ಹೋಗ್ತೀ ಏನು ಕಾಕಾ?’

‘ಯಾಕ ಹೋಗೂದಿಲ್ಲ? ಅವ್ರ ಕೂಗು ಕೇಳದ ಕಿವಿ ಜಂಗ ಹಿಡದಾವ.’

‘ಆವತ್ತ ಅವ್ರು ಅಂದದ್ದು ಮರತಿ?’

ನಳ ಬಿಚ್ಚುವ ಪಾನೆ ಒರೆಸಿದ. ‘ಮರೀಯೋದ್ಹೆಂಗವಾ. ಆಗ ಸಾಹೇಬ್ರ ಮಾರಿ ನೋಡಿ ನನಗ ಬಾಯಿ ಬರಲಿಲ್ಲ. ಆತು, ಹೋತು. ಆದ್ರ ಆ ಓಣ್ಯಾಗ ಮಾತ್ರ ಕಾಲ ಇಡೂದಿಲ್ಲ ನೋಡು. ಅಲ್ಲಿಂದ ಕೆಲಸಾ ಬಂದ್ರ ಬ್ಯಾರೆದವ್ರನ ಕಳಸತೇನಿ. ಸಣ್ಣ ಹುಡುಗೂರು ಇದ್ವು, ಈಗ ದೊಡ್ಡಾವ ಆಗ್ಯಾವ. ನನ್ನ ಹೆಸರ ಅವಕ್ಕ ಗೊತ್ತಿಲ್ಲ, ಆವತ್ತ ಅಂದದ್ದ ಅಷ್ಟ ಗೊತ್ತೈತಿ.’ ಆಮೇಲೆ, ನಾನು ಕೇಳದಿದ್ದರೂ, ‘ನೀ ಹೋಗವಾ. ನನ್ನ ಸಲುವಾಗಿ ನಿಂದರಬ್ಯಾಡ’ ಎಂದ.

ಕಂಪನಿ ಸಾಹೇಬರಿಗೆ ವಹಿಸಲಿರುವ ಭಾಗದಲ್ಲಿ ಆ ಓಣಿಯೂ ಇದೆ.

ನಿನ್ನೆ ಸಾಹೇಬರು ಮತ್ತೆ ಫೋನ್ ಮಾಡಿದರು. ದನಿ ಹಳೆಯದೇ, ಉಸಿರು ಮಾತ್ರ ಸ್ವಲ್ಪ ಮೇಲೆ. ‘ಹೇಳವಾ ತಂಗಿ, ಬರ್ತಿಯೋ ಇಲ್ಲೋ? ಅವ್ರು ಉತ್ತರಾ ಕೇಳಾಕತ್ತಾರ.’ ಬರುತ್ತೇನೆ ಎನ್ನಲು ಬಾಯಿ ತಾನಾಗಿ ತೆರೆದಿತ್ತು. ಮೊದಲು ಒಂದು ಮಾತು ಕೇಳಬೇಕು ಎಂದೆ, ಕೇಳಿದೆ. ಅವರು ಕೂಗಲಿಲ್ಲ, ಎಣಿಸಿದ ಹಾಗೂ ಕಾಣಲಿಲ್ಲ. ಯಾರೋ ಬಂದರೆಂದು ಹೇಳಿ ಫೋನ್ ಇಟ್ಟರು. ನಾನು ಕೇಳಿದ್ದು ಇಷ್ಟೇ, ಇಲ್ಲಿಯೂ ಅದನ್ನೇ ಕೇಳುತ್ತಿದ್ದೇನೆ:

ಸರ್, ಕೆಲಸಕ್ಕ ಹಾಜರಾಗೂಕಿಂತ ಮೊದಲ ಆ ಓಣಿಗೆ ಹೋಗಿ, ನೀಲವ್ವನ ಮಾರಿ ನೋಡಿ, ‘ನಿಮ್ಮ ನೀರ ಬ್ಯಾರೆದವ್ರಿಗೆ ಕೊಟ್ಟಾವ ನಾನು, ರಾಜೇಸಾಬ ಅಲ್ಲ’ ಅಂತ ಹೇಳತೀರೇನ್ರಿ?